ಮೂವತ್ತು ಮಂದಿಯ ಮುಂದೆ ಹಾಡುವುದೇಕೆ?

ಕಳೆದ ವರ್ಷದ ತೆನೆಹಬ್ಬದ ದಿನ. ನರಿಕೊಂಬಿನ ಅಕ್ಕನ ಮನೆಯಲ್ಲಿ ಹೊಸ ಅಕ್ಕಿಯ ಊಟ ಮುಗಿಸಿ ಜಗಲಿಯಲ್ಲಿ ಕುಳಿತಿದ್ದೆವು. ಮಳೆ ಬಿಟ್ಟುಬಿಟ್ಟು ಸುರಿಯುತ್ತಿತ್ತು. ಅಡಿಕೆಯ ಕೊಳೆರೋಗದ ಮಾತು ಮುಗಿದ ಮೇಲೆ ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಫಾದರ್, ಮಗನಿಗೆ ನೀವೊಂದು ಮಾತು ಹೇಳಬೇಕು. ನಾವು ಹೇಳಿದ್ದು ಅವನ ಕಿವಿಗೆ ಬೀಳುವುದಿಲ್ಲ" ಎಂದರು.

ಅಕ್ಕನ ಮಗ ಬೆಂಗಳೂರಿನ ಸಾಫ್ಟ್‌ವೇರ್ ಕಂಪೆನಿಯೊಂದರಲ್ಲಿ ಉದ್ಯೋಗಿ. ಬಾಲ್ಯದಲ್ಲಿ ಇಗರ್ಜಿಯ ಗಾನವೃಂದದಲ್ಲಿ ಕೀಬೋರ್ಡ್ ನುಡಿಸುತ್ತಿದ್ದವನು, ಈಗ ಮೂವರು ಗೆಳೆಯರೊಡನೆ ಬ್ಯಾಂಡ್ ಕಟ್ಟಿಕೊಂಡು ವಾರಾಂತ್ಯಗಳಲ್ಲಿ ಸಣ್ಣ ಸಣ್ಣ ಹಾಲ್‌ಗಳಲ್ಲಿ ಹಾಡುತ್ತಾನೆ. ಸಿನಿಮಾ ಹಾಡುಗಳನ್ನಲ್ಲ, ತಾವೇ ಬರೆದ ಹಾಡುಗಳನ್ನು. ಸಂಬಳ ಕಡಿಮೆಯಾದರೂ ಚಿಂತೆಯಿಲ್ಲ, ವಾರಕ್ಕೆ ಮೂರೇ ದಿನ ಕೆಲಸಕ್ಕೆ ಹೋಗುತ್ತೇನೆಂಬುದು ಅವನ ಹೊಸ ಹಟ. "ಕೇಳಲು ಬರುವವರು ಮೂವತ್ತು ಮಂದಿ. ಮೂವತ್ತು ಮಂದಿಯ ಮುಂದೆ ಹಾಡಿ ಸಿಗುವುದಾದರೂ ಏನು?" ಎಂಬುದು ಭಾವನ ಪ್ರಶ್ನೆ. ಅಕ್ಕನ ಭಯ ಬೇರೆ. ಆಕೆ ತಗ್ಗಿದ ದನಿಯಲ್ಲಿ, "ಅದು ಲೈವ್ ಬ್ಯಾಂಡ್ ಅಂತೆ ಮಾರಾಯ" ಎಂದಳು.

ಅಕ್ಕನ ಭಯವನ್ನು ನಕ್ಕು ತಳ್ಳಿಹಾಕುವಂತಿರಲಿಲ್ಲ. ನಮ್ಮ ರಾಜ್ಯದ ಪತ್ರಿಕೆಗಳಲ್ಲಿ 'ಲೈವ್ ಬ್ಯಾಂಡ್' ಎಂಬ ಮಾತಿಗೆ ಬಹುಕಾಲ ಇದ್ದ ಅರ್ಥ, ಹೆಣ್ಣುಮಕ್ಕಳನ್ನು ಕುಣಿಸಿ ಹಣ ಮಾಡುವ ಬಾರ್ ಎಂದೇ. ಇಂಥ ಸ್ಥಳಗಳನ್ನು ಹತೋಟಿಯಲ್ಲಿಡಲು ಬೆಂಗಳೂರಿನ ಪೊಲೀಸರು 2005ರಲ್ಲಿ ಪರವಾನಗಿಯ ಆದೇಶವೊಂದನ್ನು ಹೊರಡಿಸಿದರು. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದೇ ವರ್ಷ ಅದರ ಬಿಸಿ ಗಿಟಾರ್ ಹಿಡಿದು ಹಾಡುವ ಹುಡುಗರಿಗೂ ತಟ್ಟಿತು. ಪರವಾನಗಿಯಿಲ್ಲದ ಅನೇಕ ಹೋಟೆಲು, ಪಬ್ಬುಗಳಲ್ಲಿ ಸಂಗೀತ ನಿಂತುಹೋಯಿತು. ಒಂದೇ ಹೆಸರು ಎರಡು ಬೇರೆ ಬೇರೆ ಸಂಗತಿಗಳಿಗೆ ಅಂಟಿಕೊಂಡಾಗ ನಿರಪರಾಧಿಯೂ ದಂಡ ತೆರಬೇಕಾಗುತ್ತದೆ.

ನಗರದ ಯುವಜನರು 'ಇಂಡೀ ಬ್ಯಾಂಡ್' ಎಂದು ಕರೆಯುವುದು ಬೇರೆಯದನ್ನು. ಚಿತ್ರರಂಗವನ್ನಾಗಲಿ ದೊಡ್ಡ ಸಂಗೀತ ಕಂಪೆನಿಗಳನ್ನಾಗಲಿ ಆಶ್ರಯಿಸದೆ, ಸ್ವತಂತ್ರವಾಗಿ ಹಾಡು ಕಟ್ಟುವವರ ತಂಡವದು. 1996ರಲ್ಲಿ ಬೆಂಗಳೂರಿನ ಕ್ರೈಸ್ಟ್ ಕಾಲೇಜಿನ ವಿದ್ಯಾರ್ಥಿಗಳಿಂದ ಆರಂಭವಾದ 'ಥರ್ಮಲ್ ಅಂಡ್ ಎ ಕ್ವಾರ್ಟರ್' ಇವುಗಳಲ್ಲಿ ಹಳೆಯದು. ಶಿಶುನಾಳ ಶರೀಫರ ತತ್ವಪದವನ್ನು ಗಿಟಾರಿನೊಡನೆ ಹಾಡಿದ ರಘು ದೀಕ್ಷಿತರ ಮೊದಲ ಆಲ್ಬಮ್ 2008ರಲ್ಲಿಯೂ, ಕನ್ನಡ ಮತ್ತು ಹಿಂದಿಯಲ್ಲಿ ಹಾಡುವ 'ಸ್ವರಾತ್ಮ' ತಂಡದ ಮೊದಲ ಆಲ್ಬಮ್ 2009ರಲ್ಲಿಯೂ ಹೊರಬಂದವು. ಇಂಥವರಿಗೆ ಆಸರೆ ನೀಡುವ ಹಾಲ್‌ಗಳು ಬಹಳ ಕಾಲ ಬಾಳುವುದಿಲ್ಲ. ಇಂದಿರಾನಗರದಲ್ಲಿ 2013ರಲ್ಲಿ ತೆರೆದು ಹೆಸರಾದ 'ಹಮ್ಮಿಂಗ್ ಟ್ರೀ' 2019ರಲ್ಲಿ ಮುಚ್ಚಿಹೋಯಿತು.

ಇಷ್ಟನ್ನು ತಿಳಿದುಕೊಂಡ ಮೇಲೂ ಉಪದೇಶ ಮಾಡುವ ಮೊದಲು ಒಮ್ಮೆ ಕಣ್ಣಾರೆ ಕಾಣಬೇಕೆನಿಸಿತು. ನವೆಂಬರಿನಲ್ಲಿ ಕೆಲಸದ ಮೇಲೆ ಬೆಂಗಳೂರಿಗೆ ಹೋದಾಗ ಅವನಿಗೆ ಹೇಳಿ, ಸಾಮಾನ್ಯ ಅಂಗಿ ತೊಟ್ಟು ಹೊರಟೆ.

ಆ ಸಂಜೆ

ಮೂರನೆಯ ಮಹಡಿಯಲ್ಲಿದ್ದ ಆ ಹಾಲ್ ನಮ್ಮ ಧರ್ಮಕೇಂದ್ರದ ಸಭಾಗೃಹದ ಅರ್ಧದಷ್ಟೂ ಇರಲಿಲ್ಲ. ವೇದಿಕೆಯೆಂದರೆ ನೆಲದಿಂದ ಒಂದು ಗೇಣು ಎತ್ತರದ ಹಲಗೆ. ಒಂದು ಬದಿಯಲ್ಲಿ ಬಿಯರ್ ಮಾರುತ್ತಿದ್ದರು, ಅದನ್ನು ಮರೆಮಾಚಲಾರೆ. ಪ್ರವೇಶಕ್ಕೆ ಮುನ್ನೂರು ರೂಪಾಯಿ. ದಿನನಿತ್ಯದ ಬಲಿಪೂಜೆಗೆ ಬಂದವರನ್ನು ಎಣಿಸುವ ಕೆಟ್ಟ ಅಭ್ಯಾಸ ನನಗಿದೆ, ಇಲ್ಲಿಯೂ ಎಣಿಸಿದೆ. ಮೂವತ್ತನಾಲ್ಕು ಮಂದಿ. ಅವರಲ್ಲಿ ಹತ್ತು ಹನ್ನೆರಡು ಮಂದಿ ಹಿಂದಿನ ಮೇಜಿನಲ್ಲಿ ಯಾರದೋ ಹುಟ್ಟುಹಬ್ಬದ ಸಂಭ್ರಮದಲ್ಲಿದ್ದರು.

ಹಾಡು ಆರಂಭವಾಯಿತು. ಸದ್ದು ನನ್ನ ಕಿವಿಗೆ ಹೆಚ್ಚೇ ಆಯಿತು. ಮೊದಲೆರಡು ಹಾಡುಗಳ ಪದಗಳೂ ತಿಳಿಯಲಿಲ್ಲ. ಮೂರನೆಯದು ಕನ್ನಡದ್ದು. ಹೊಳೆಯಾಚೆಯ ಶಾಲೆಗೆ ಹೋಗುವ ಹುಡುಗನೊಬ್ಬ ಮಳೆಗಾಲದಲ್ಲಿ ದೋಣಿಗಾಗಿ ಕಾಯುವ ಹಾಡು. ನೇತ್ರಾವತಿಯ ಹೆಸರು ಅದರಲ್ಲಿರಲಿಲ್ಲ. ಆದರೆ ಆ ನೀರು ಯಾವುದೆಂದು ನನಗೆ ಗೊತ್ತಾಯಿತು. ಸೇತುವೆ ಇರುವಾಗ ದೋಣಿಯೇಕೆ ಎಂದು ಮನಸ್ಸು ತರ್ಕಿಸುತ್ತಿರುವಾಗಲೇ ನೆನಪಾಯಿತು: ಅದು ಅವನ ಅಜ್ಜನ, ಎಂದರೆ ನನ್ನ ತಂದೆಯ ಬಾಲ್ಯದ ಕಥೆ.

ಆಗಲೇ ಕಿಸೆಯಲ್ಲಿದ್ದ ಮೊಬೈಲ್ ನಡುಗಿತು. ಧರ್ಮಕೇಂದ್ರದಿಂದ ಬಂದ ಸಂದೇಶ. ಓದಿ ಉತ್ತರ ಬರೆದು ತಲೆಯೆತ್ತಿದಾಗ ಅಳಿಯ ಹಾಡುತ್ತಲೇ ನನ್ನನ್ನು ನೋಡುತ್ತಿದ್ದ. ಅವನ ಕಣ್ಣಿನಲ್ಲಿ ಸಿಟ್ಟಿರಲಿಲ್ಲ. ಕಂಡಿದ್ದೇನೆ ಎಂಬುದಷ್ಟೇ ಇತ್ತು.

ಕಾರ್ಯಕ್ರಮ ಮುಗಿದ ಮೇಲೆ ತಂತಿಗಳನ್ನು ಸುತ್ತುತ್ತಾ ಅವನೇ ಲೆಕ್ಕ ಒಪ್ಪಿಸಿದ. ಹಾಲಿನವರ ಪಾಲು, ವಾಹನದ ಬಾಡಿಗೆ ಕಳೆದರೆ ಒಬ್ಬೊಬ್ಬರಿಗೆ ಸಾವಿರ ರೂಪಾಯಿಯೂ ಉಳಿಯುವುದಿಲ್ಲ. "ಹಿಂದಿನ ಮೇಜಿನವರು ಕೇಳಲೇ ಇಲ್ಲವಲ್ಲ, ಬೇಸರವಾಗುವುದಿಲ್ಲವೇ?" ಎಂದೆ. "ಆಗುತ್ತದೆ ಮಾಮ್. ಆದರೆ ಕೇಳುವವರು ಎಂಟೇ ಮಂದಿಯಿದ್ದರೂ ನಾವು ಅವರ ಕಡೆ ತಿರುಗಿ ಹಾಡುತ್ತೇವೆ. ಇಲ್ಲಿ ಯಾರು ಕೇಳುತ್ತಿದ್ದಾರೆ, ಯಾರು ಕೇಳುತ್ತಿಲ್ಲ ಎಂಬುದು ನಮಗೆ ಕಾಣುತ್ತದೆ" ಎಂದ. ಮೊಬೈಲಿನ ವಿಷಯ ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಎಣಿಕೆಗೆ ಬರುವ ಗೈರುಹಾಜರಿ

ಮರಳಿ ಬರುವಾಗ ಶಿರಾಡಿ ಘಾಟಿಯ ಬಸ್ಸಿನಲ್ಲಿ ನಿದ್ರೆ ಬರಲಿಲ್ಲ. ಭಾವನ ಪ್ರಶ್ನೆಯನ್ನೇ ತಿರುಗಿಸಿ ನನಗೆ ಕೇಳಿಕೊಂಡೆ. ವಾರದ ದಿನಗಳಲ್ಲಿ ಹನ್ನೊಂದು ಮಂದಿ ವೃದ್ಧರ ಮುಂದೆ ನಾನು ಬಲಿಪೂಜೆ ಅರ್ಪಿಸುತ್ತೇನೆ. ಅದರಿಂದ ಸಿಗುವುದೇನೆಂದು ಯಾರೂ ಕೇಳಿಲ್ಲ. ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ಬಲಿಪೂಜೆಯ ಬೆಲೆ ಸೇರಿದವರ ಸಂಖ್ಯೆಯಿಂದ ಬರುವುದಲ್ಲ. ಹಾಡಿಗಾದರೋ ಕೇಳುವ ಕಿವಿ ಬೇಕೇ ಬೇಕು. ಆದರೆ 'ಎಷ್ಟು ಮಂದಿ' ಎಂಬ ಒಂದೇ ಅಳತೆಗೋಲಿನಿಂದ ಮನುಷ್ಯನ ದುಡಿಮೆಯನ್ನೆಲ್ಲ ಅಳೆಯಲಾಗದೆಂಬುದನ್ನು ಬೇರಾರಿಗಿಂತಲೂ ಒಬ್ಬ ಗುರು ಅರಿತಿರಬೇಕಿತ್ತು.

ದೊಡ್ಡ ಮೈದಾನದ ಸಂಗೀತಕ್ಕೂ ಸಣ್ಣ ಹಾಲಿನ ಸಂಗೀತಕ್ಕೂ ಇರುವ ಭೇದ ಬರಿಯ ಗಾತ್ರದ್ದಲ್ಲ. ಹತ್ತು ಸಾವಿರ ಮಂದಿಯ ನಡುವೆ ನಾನು ಮೊಬೈಲ್ ನೋಡಿದರೆ ಯಾರಿಗೂ ನಷ್ಟವಿಲ್ಲ. ಮನೆಯಲ್ಲಿ ಕುಳಿತು ಧ್ವನಿಮುದ್ರಣ ಕೇಳುವಾಗ ನಾನು ಎದ್ದುಹೋದರೂ ಹಾಡುಗಾರ ಹಾಡುತ್ತಲೇ ಇರುತ್ತಾನೆ. ಮೂವತ್ತು ಮಂದಿಯ ಹಾಲಿನಲ್ಲಿ ಮಾತ್ರ ನನ್ನ ಗೈರುಹಾಜರಿ ಎಣಿಕೆಗೆ ಬರುತ್ತದೆ. ಅಲ್ಲಿ ಕೇಳುಗ ಬರಿಯ ಗಿರಾಕಿಯಲ್ಲ. ಹಾಡಿನ ಅರ್ಧ ಭಾರ ಅವನ ಮೇಲಿದೆ. ಮುನ್ನೂರು ರೂಪಾಯಿ ಕೊಟ್ಟ ಮಾತ್ರಕ್ಕೆ ಆ ಋಣ ತೀರುವುದಿಲ್ಲ.

ಇದು ನಮಗೆ ಹೊಸತೂ ಅಲ್ಲ. ಮದುವೆಯ ಮುನ್ನಾದಿನದ ರೋಸ್ ಶಾಸ್ತ್ರದಲ್ಲಿ ವೊವಿಯೊ ಹಾಡುವ ಹಿರಿಯಳಿಗೆ ಸುತ್ತ ನಿಂತವರು ದನಿಗೂಡಿಸದಿದ್ದರೆ ಹಾಡು ಮುಂದೆ ಸಾಗುವುದಿಲ್ಲ. ಎರಿಕ್ ಒಝೇರಿಯೊ ಅವರು 1986ರಲ್ಲಿ ಮಂಗಳೂರಿನಲ್ಲಿ ಕಟ್ಟಿದ 'ಮಾಂಡ್ ಸೊಭಾಣ್' ಸಂಸ್ಥೆ 2002ರಲ್ಲಿ ತಿಂಗಳ ಮೊದಲ ಭಾನುವಾರದ ಕಾರ್ಯಕ್ರಮಗಳನ್ನು ಆರಂಭಿಸಿದ್ದೂ, ಕಲಾವಿದರು ಮತ್ತು ಪ್ರೇಕ್ಷಕರು ಮುಖಾಮುಖಿ ಕೂಡುವ ಅಭ್ಯಾಸವನ್ನು ಬೆಳೆಸಿತು. ಪೂಜೆಯಲ್ಲಿ ಭಕ್ತರು ಪರಕೀಯರಂತೆ ಮೂಕಪ್ರೇಕ್ಷಕರಾಗಿರದೆ ಮನಃಪೂರ್ವಕ ಪಾಲುಗೊಳ್ಳಬೇಕೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರಿನಲ್ಲಿ ಬಯಸಿದುದೂ ಇದೇ ತಿಳಿವಳಿಕೆಯಿಂದ. 2020ರ ಲಾಕ್‌ಡೌನ್ ದಿನಗಳಲ್ಲಿ ಬರಿದಾದ ಬೆಂಚುಗಳ ಮುಂದೆ ಕ್ಯಾಮೆರಾ ನೋಡಿ ಪ್ರಬೋಧನೆ ಮಾಡಿದ ಗುರುಗಳಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಸಂದೇಶ ತಲುಪುತ್ತಿತ್ತು, ಆದರೆ ಯಾರ ಮುಖವೂ ಮರಳಿ ಏನನ್ನೂ ಹೇಳುತ್ತಿರಲಿಲ್ಲ.

ಎಚ್ಚರದ ಮಾತು

ಸಂಗೀತದ ಮೋಹವೆಲ್ಲ ಪುಣ್ಯವೆಂದು ಬಗೆಯಬಾರದು. ಧರ್ಮಸಭೆಗೂ ಸಂಗೀತದ ಬಗ್ಗೆ ಅಳುಕು ಇದ್ದೇ ಇತ್ತು. 1903ರಲ್ಲಿ ಹತ್ತನೆಯ ಪಿಯುಸ್ ಜಗದ್ಗುರುಗಳು ದೇವಾಲಯದೊಳಗೆ ಪಿಯಾನೊ, ಡ್ರಮ್‌ಗಳನ್ನು ನಿಷೇಧಿಸಿದ್ದರು. ಅದಕ್ಕೂ ಬಹಳ ಹಿಂದೆ ಸಂತ ಅಗಸ್ಟೀನರು ತಮ್ಮ 'ಕನ್ಫೆಷನ್ಸ್' ಗ್ರಂಥದ ಹತ್ತನೆಯ ಭಾಗದಲ್ಲಿ ಈ ತೊಳಲಾಟವನ್ನು ಪ್ರಾಮಾಣಿಕವಾಗಿ ತೋಡಿಕೊಂಡಿದ್ದಾರೆ. ಹಾಡಿನ ಅರ್ಥಕ್ಕಿಂತ ಅದರ ಇಂಪೇ ತಮ್ಮನ್ನು ಹೆಚ್ಚು ಕಲಕಿದಾಗ ತಪ್ಪು ಮಾಡಿದೆನೆಂದು ಅವರಿಗೆ ಅನಿಸುತ್ತಿತ್ತು. ಆದರೆ ವಿಶ್ವಾಸದ ಆರಂಭದ ದಿನಗಳಲ್ಲಿ ದೇವಾಲಯದ ಗಾಯನ ಕೇಳಿ ಕಣ್ಣೀರಿಟ್ಟುದನ್ನು ನೆನೆದು ಅವರು ಹಾಡನ್ನು ತಳ್ಳಿಹಾಕಲಿಲ್ಲ. ಕತ್ತಲ ಹಾಲಿನಲ್ಲಿ ಎಲ್ಲರೂ ಒಟ್ಟಾಗಿ ತಲೆದೂಗುವಾಗ ಹುಟ್ಟುವ ಬಿಸಿ ಬರಿಯ ಬಿಸಿಯೂ ಆಗಿರಬಹುದು. ಮನೆಯಲ್ಲಿ ಕಾಯುವ ತಾಯಿಯ ಮಾತನ್ನು ಕೇಳದ ಕಿವಿ ಅಲ್ಲಿ ಎಷ್ಟು ಹಾಡು ಕೇಳಿದರೇನು?

ಹಾಗೆಯೇ, ಪ್ರತಿಭೆಯಿದ್ದರೆ ಹೊಟ್ಟೆಪಾಡು ತಾನಾಗಿ ನಡೆಯುತ್ತದೆಂದು ಹೇಳುವ ಧೈರ್ಯವೂ ನನಗಿಲ್ಲ. ಭಾವನ ಲೆಕ್ಕ ತಪ್ಪಲ್ಲ. ಸಾಲ ಮಾಡಿ ಮಗನನ್ನು ಓದಿಸಿದ ತಂದೆಗೆ ಆ ಲೆಕ್ಕ ಕೇಳುವ ಹಕ್ಕಿದೆ.

ಆದರೂ ಒಂದು ಮಾತು ನನ್ನನ್ನು ಬಿಡಲಿಲ್ಲ. ಮಗ ಬ್ಯಾಂಡ್ ಕಟ್ಟಿ ಮೂರು ವರ್ಷವಾಗಿತ್ತು. ಅವನ ಒಂದು ಹಾಡನ್ನೂ ತಂದೆತಾಯಿ ಪೂರ್ತಿ ಕೇಳಿರಲಿಲ್ಲ. ನಾನು ಕೇಳಲು ಹೋದೆ, ಅರ್ಧದಲ್ಲಿ ಮೊಬೈಲ್ ನೋಡಿದೆ. ಫ್ರಾನ್ಸಿನ ಚಿಂತಕಿ ಸಿಮೋನ್ ವೇಲ್ 1942ರ ಲೇಖನವೊಂದರಲ್ಲಿ, ಮಕ್ಕಳ ಶಾಲಾ ಪಾಠಗಳೂ ಗಮನವನ್ನು ಬೆಳೆಸುವುದರಿಂದ ಪ್ರಾರ್ಥನೆಗೆ ಅಣಿಗೊಳಿಸುತ್ತವೆಂದು ವಾದಿಸಿದರು. ದೇವರ ಕಡೆಗೂ ನೆರೆಯವನ ಕಡೆಗೂ ತಿರುಗುವುದು ಒಂದೇ ಗಮನ. ಹಾಗಾದರೆ ಪಾಪನಿವೇದನೆಯ ಪೀಠದಲ್ಲಿ ಕುಳಿತು, ಮುಂದಿನ ಕೆಲಸವನ್ನು ನೆನೆಯುತ್ತಾ ಕ್ಷಮೆಯ ಮಾತು ಉಚ್ಚರಿಸಿದ ದಿನಗಳೆಷ್ಟು? ಆಗ ಎದುರಿಗಿದ್ದವರಿಗೂ ಅದು ಕಂಡಿರಬೇಕು. ಅವರು ಏನೂ ಹೇಳದೆ ಎದ್ದುಹೋಗಿರಬೇಕು.

ಕುಟುಂಬವೆಂಬುದು ಎಲ್ಲಕ್ಕಿಂತ ಸಣ್ಣ ಹಾಲ್. ನಾಲ್ವರು ಕುಳಿತ ಊಟದ ಮೇಜಿನಲ್ಲಿ ಒಬ್ಬರು ಪರದೆಯೊಳಗೆ ಮುಳುಗಿದರೆ ಮನೆಯ ಕಾಲುಭಾಗ ಗೈರುಹಾಜರಾದಂತೆ. ಶಾಲೆಯಲ್ಲಿ ನಡೆದುದನ್ನು ಹೇಳುವ ಮಗು, ಹಳೆಯ ಕಥೆಯನ್ನೇ ಮತ್ತೆ ಹೇಳುವ ಅಜ್ಜಿ, ಇವರಿಗೆ ಸಿಗುವುದು ಮೂರೋ ನಾಲ್ಕೋ ಕೇಳುಗರು. ಅವರಲ್ಲಿ ಒಬ್ಬರು ತಪ್ಪಿದರೂ ಹೇಳುವವರಿಗೆ ಅದು ಗೊತ್ತಾಗುತ್ತದೆ.

ಕ್ರಿಸ್ಮಸ್ ರಜೆಗೆ ಅಳಿಯ ನರಿಕೊಂಬಿಗೆ ಬಂದಿದ್ದ. ನಾನು ಹೋದ ಸಂಜೆ ಭಾವ, "ಹೇಳಿದಿರಾ ಫಾದರ್?" ಎಂದು ಕೇಳಿದರು. "ಇಲ್ಲ. ಮೊದಲು ಒಮ್ಮೆ ಕೇಳೋಣ, ಆಮೇಲೆ ಹೇಳೋಣ" ಎಂದೆ. ಹರೆಯದಲ್ಲಿ ವಿಲ್ಫಿ ರೆಬಿಂಬಸ್ ಅವರ 'ವಿಲ್ಫಿ ನೈಟ್' ಎಂದರೆ ಸೈಕಲ್ ತುಳಿದು ಹೋಗುತ್ತಿದ್ದ ಮನುಷ್ಯ ಅವರು. ಏನೂ ಮಾತಾಡದೆ ಎದ್ದು ಟಿ.ವಿ. ಆರಿಸಿ ಬಂದು ಕುಳಿತರು. ಅಕ್ಕ ಅಡುಗೆಮನೆಯಿಂದ ಕೈ ಒರೆಸಿಕೊಂಡು ಬಂದಳು. ನಾನು ಮೊಬೈಲನ್ನು ಒಳಗಿಟ್ಟು ಬಂದೆ.

ಹುಡುಗ ಜಗಲಿಯಲ್ಲಿ ಗಿಟಾರ್ ಹಿಡಿದು ದೋಣಿಯ ಹಾಡು ಹಾಡಿದ. ಬೆಂಗಳೂರಿನ ಹಾಲಿಗಿಂತ ಅಲ್ಲಿ ಹೆಚ್ಚು ಅಳುಕಿದ. ಹಾಡು ಮುಗಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಭಾವ ಬಹಳ ಹೊತ್ತು ಅಂಗಳವನ್ನೇ ನೋಡುತ್ತಿದ್ದು, "ನಡುವಿನ ಸಾಲು ನನಗೆ ಸರಿಯಾಗಿ ಕೇಳಿಸಲಿಲ್ಲ, ಇನ್ನೊಮ್ಮೆ ಹಾಡು" ಎಂದರು. ಉದ್ಯೋಗದ ವಿಷಯ ಇನ್ನೂ ತೀರ್ಮಾನವಾಗಿಲ್ಲ. ಆದರೆ ಆ ಮನೆಯಲ್ಲಿ ಈಗ ಇಬ್ಬರೂ ಒಬ್ಬರ ಮಾತನ್ನು ಇನ್ನೊಬ್ಬರು ಮುಗಿಯುವವರೆಗೆ ಕೇಳುತ್ತಿದ್ದಾರೆಂದು ಅಕ್ಕ ಮೊನ್ನೆ ಫೋನಿನಲ್ಲಿ ಹೇಳಿದಳು.