ಆರೋಗ್ಯಸೇವೆ ಮತ್ತು ಸನ್ಮಾನದ ಧರ್ಮ

ಫಲಾಪೇಕ್ಷೆಯಿಲ್ಲದೆ ಕರ್ತವ್ಯ ನಿರ್ವಹಿಸಬೇಕೆಂಬ ನಿಷ್ಕಾಮಕರ್ಮದ ತತ್ತ್ವವನ್ನು ಒಪ್ಪಿದ ಸಮಾಜವು ಸೇವೆ ಸಲ್ಲಿಸಿದವರನ್ನು ಪ್ರಶಸ್ತಿ ನೀಡಿ ಗೌರವಿಸುವುದು ಉಚಿತವೇ ಎಂಬ ಪ್ರಶ್ನೆಯು ಸಾರ್ವಜನಿಕ ಆರೋಗ್ಯದ, ಅಂದರೆ ಇಡೀ ಜನಸಮುದಾಯವನ್ನು ರೋಗಗಳಿಂದ ಕಾಪಾಡುವ ಶಾಸ್ತ್ರದ, ವಿಷಯದಲ್ಲಿ ಇನ್ನಷ್ಟು ಜಟಿಲವಾಗುತ್ತದೆ. ಏಕೆಂದರೆ ಇಲ್ಲಿ ಯಶಸ್ಸೆಂದರೆ ರೋಗ ಬಾರದಿರುವುದು, ಬಾರದ ರೋಗಕ್ಕಾಗಿ ಕೃತಜ್ಞರಾಗುವವರು ವಿರಳ.

ಸಿಡುಬಿನ ನಿರ್ಮೂಲನ ಇದಕ್ಕೆ ನಿದರ್ಶನ. ವಿಶ್ವ ಆರೋಗ್ಯ ಸಂಸ್ಥೆಯು 1967ರಲ್ಲಿ ತೀವ್ರಗೊಳಿಸಿದ ಕಾರ್ಯಕ್ರಮದಲ್ಲಿ, ರೋಗಿಯನ್ನು ಬೇಗನೆ ಪತ್ತೆಹಚ್ಚಿ ಅವರ ಸಂಪರ್ಕಕ್ಕೆ ಬಂದವರಿಗೆಲ್ಲ ಲಸಿಕೆ ಹಾಕುವ ಕಣ್ಗಾವಲು ವಿಧಾನವು ಫಲಿಸಿ, ಸ್ವಾಭಾವಿಕವಾಗಿ ಹರಡಿದ ಸಿಡುಬಿನ ಕೊನೆಯ ಪ್ರಕರಣವು 1977ರಲ್ಲಿ ಸೊಮಾಲಿಯಾದಲ್ಲಿ ದಾಖಲಾಯಿತು; 1980ರ ಮೇ 8ರಂದು ವಿಶ್ವ ಆರೋಗ್ಯ ಸಭೆಯು ನಿರ್ಮೂಲನವನ್ನು ಘೋಷಿಸಿತು. ಈ ಸಾಧನೆಗಾಗಿ 1988ರ ಜಪಾನ್ ಪ್ರಶಸ್ತಿಯು ನಿರ್ಮೂಲನ ಕಾರ್ಯದ ಮುಂದಾಳುಗಳಾದ ಡೊನಾಲ್ಡ್ ಹೆಂಡರ್ಸನ್, ಇಸಾವೊ ಅರಿಟಾ ಮತ್ತು ಫ್ರಾಂಕ್ ಫೆನ್ನರ್ ಅವರಿಗೆ ಸಂದಿತು. ಆದರೆ ತುದಿ ಕವಲೊಡೆದ ಪುಟ್ಟ ಸೂಜಿಯನ್ನು ಹಿಡಿದು ಹಳ್ಳಿಹಳ್ಳಿಗೆ ನಡೆದ ಅಸಂಖ್ಯ ಲಸಿಕೆಗಾರರ ಹೆಸರುಗಳು ಯಾವ ಫಲಕದಲ್ಲಿಯೂ ಮೂಡಲಿಲ್ಲ.

ನಿಷ್ಕಾಮಕರ್ಮವನ್ನು ಬೋಧಿಸುವ ಭಗವದ್ಗೀತೆಯು ಫಲದ ಆಸಕ್ತಿಯನ್ನು ತ್ಯಜಿಸಲು ಹೇಳುವುದು ಕರ್ಮ ಮಾಡುವವನಿಗೆ. ಫಲವನ್ನುಂಡವನು ಕೃತಜ್ಞತೆಯನ್ನು ತ್ಯಜಿಸಲು ಅದರಿಂದ ಅನುಮತಿ ದೊರೆಯದು. ನಿಷ್ಕಾಮತೆ ಸೇವಕನ ಧರ್ಮವಾದರೆ ಸ್ಮರಣೆ ಸಮಾಜದ ಧರ್ಮ, ಇವೆರಡಕ್ಕೂ ವಿರೋಧವಿಲ್ಲ. ಆದುದರಿಂದ ಸನ್ಮಾನವು ಉಚಿತವಷ್ಟೇ ಅಲ್ಲ, ಅವಶ್ಯ. ಆದರೆ ಮುಂದಾಳುಗಳಿಗೆ ಸಲ್ಲುವ ಗೌರವದಲ್ಲಿ ಅನಾಮಧೇಯ ಕಾರ್ಯಕರ್ತರ ಪಾಲನ್ನೂ ಗುರುತಿಸಿ, ಅವರ ವೇತನ, ಸುರಕ್ಷತೆ, ತರಬೇತಿಗಳನ್ನು ಖಚಿತಪಡಿಸಿದಾಗ ಮಾತ್ರ ಅದು ನ್ಯಾಯಸಮ್ಮತವಾಗುತ್ತದೆ.