ದೀಪದೆಣ್ಣೆಯ ಹೊಲ

ತಿಂಗಳಿಗೆ 37,000 ರೂಪಾಯಿ. ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಪಡೆದ ಸಂಶೋಧಕರಿಗೆ 2023ರಿಂದ ಸಿಗುತ್ತಿರುವ ಮೊತ್ತ. ನಾನೂ ಪಡೆಯುತ್ತೇನೆ. ಮಧ್ಯಕಾಲೀನ ಕರ್ನಾಟಕದ ಆರ್ಥಿಕ ಇತಿಹಾಸ ನನ್ನ ಪಿಎಚ್‌ಡಿ ವಿಷಯ. ಯಾವ ಹೊಲ ಯಾರಿಗೆ ದತ್ತಿಯಾಯಿತು, ಯಾವ ಸುಂಕ ಯಾರ ಪಾಲಾಯಿತು ಎಂದು ಶಾಸನಗಳಲ್ಲಿ ಹುಡುಕುವುದೇ ಕೆಲಸ. ನನಗೆ ಬರುವ ಈ ಹಣ ದಾನವೋ, ಸಂಬಳವೋ, ಸಾಲವೋ ಎಂಬ ಪ್ರಶ್ನೆ ಎದ್ದದ್ದೂ ಒಂದು ಶಾಸನದಿಂದ.

ಇಂಡಿ ತಾಲ್ಲೂಕಿನ ಸಾಲೋಟಗಿಯ ಕಂಬಶಾಸನ ಅದು, 945ರದು. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಮಂತ್ರಿ ನಾರಾಯಣ ಅಲ್ಲೊಂದು ಶಾಲೆ ಕಟ್ಟಿಸಿದ್ದ. ನಾನಾ ನಾಡುಗಳಿಂದ ಬಂದ ವಿದ್ಯಾರ್ಥಿಗಳಿಗೆ 27 ಮನೆ, ಅವರ ಪಾಲನೆಗೆ 500 ನಿವರ್ತನ ಭೂಮಿ, ಗುರುವಿಗೆ 50, ದೀಪಕ್ಕೆ 12. ಊರ ಬ್ರಾಹ್ಮಣರ ಮನೆಯಲ್ಲಿ ಮದುವೆಯಾದರೆ ಶಾಲೆಗೆ 5 ನಾಣ್ಯ, ಉಪನಯನವಾದರೆ ಅದರರ್ಧ. ದೀಪಕ್ಕೆಂದೇ 12 ನಿವರ್ತನ! ಅದನ್ನು ಓದಿದ ದಿನ ನನಗೆ ಬೇರೇನೂ ಓದಲಾಗಲಿಲ್ಲ.

ಬ್ರಾಹ್ಮಣ ಹುಟ್ಟುವಾಗಲೇ ಮೂರು ಋಣ ಹೊತ್ತಿರುತ್ತಾನೆ ಎನ್ನುತ್ತದೆ ತೈತ್ತಿರೀಯ ಸಂಹಿತೆ: ಋಷಿಗಳದು, ದೇವತೆಗಳದು, ಪಿತೃಗಳದು. ಶತಪಥ ಬ್ರಾಹ್ಮಣವೆಂಬ ಗ್ರಂಥ ಮಾತ್ರ ಇರುವವರೆಲ್ಲರನ್ನೂ ಸಾಲಗಾರರ ಪಟ್ಟಿಗೆ ಸೇರಿಸಿ, ನಾಲ್ಕನೆಯದೊಂದನ್ನು ಹೇಳುತ್ತದೆ. ಅದು ಮನುಷ್ಯಋಣ. ಋಷಿಋಣ ತೀರುವುದು ಓದಿನಿಂದ. ಮನುಷ್ಯಋಣ ತೀರುವುದು ಇನ್ನೊಬ್ಬರಿಗೆ ನೆಲೆ, ಅನ್ನ ಕೊಡುವುದರಿಂದ. ಸಾಲೋಟಗಿಯ ವಿದ್ಯಾರ್ಥಿ ನೆಲೆಯನ್ನೂ ಅನ್ನವನ್ನೂ ಪಡೆದು ಓದಿದ. ಒಂದು ಸಾಲ ತೀರಿಸಲು ಕೂತವನ ತಲೆಯ ಮೇಲೆ ಇನ್ನೊಂದು ದಿನದಿನವೂ ಏರುತ್ತಿತ್ತು.

ನಾನೂ ಹಾಗೇ ಕೂತಿದ್ದೇನೆ. ಕಳೆದ ವರ್ಷ ಐದು ತಿಂಗಳು ಫೆಲೋಶಿಪ್ ಬರಲಿಲ್ಲ. ಹಾಸ್ಟೆಲಿನ ಎದುರಿನ ಖಾನಾವಳಿಯಲ್ಲಿ ರೊಟ್ಟಿ, ಪಲ್ಯ ಎಲ್ಲ ಉದ್ರಿ. ಹಣ ಬಂದ ದಿನ ಬಾಕಿ ಕೊಟ್ಟೆ, ಖಾನಾವಳಿಯ ಅಕ್ಕ ವಹಿಯಲ್ಲಿ ನನ್ನ ಹೆಸರಿನ ಮೇಲೆ ಗೀಟೆಳೆದಳು. ಆದರೆ ನಾನು ಕೊಟ್ಟದ್ದು ಬೆಂಕಿಪೆಟ್ಟಿಗೆ ಕೊಳ್ಳುವಾಗಲೂ ತೆರಿಗೆ ಕಟ್ಟುವ ಆಕೆಯಂಥವರ ಹಣವನ್ನೇ ಅಲ್ಲವೆ?

ದಾನಶಾಸನಗಳು ಕೊಟ್ಟವರನ್ನು ಹೊಗಳುತ್ತವೆ, ಪಡೆದವರನ್ನು ಗೋತ್ರಸಮೇತ ಹೆಸರಿಸುತ್ತವೆ. ಉತ್ತವರ ಹೆಸರು ಸಿಗುವುದು ಅಪರೂಪ. ನನ್ನ ಅಜ್ಜ ಸಾಲೋಟಗಿಯ ಸೀಮೆಯಲ್ಲೇ ಲಾವಣಿಗೆ, ಅಂದರೆ ಗೇಣಿಗೆ, ಹೊಲ ಮಾಡಿದವ. 1974ರ ಭೂಸುಧಾರಣೆ ತಿದ್ದುಪಡಿಯಾದ ಮೇಲೆ ಅವನ ಹೆಸರು ಮೊದಲ ಸಲ ಪಹಣಿಗೆ ಬಂತು. ಅದಕ್ಕೂ ಹಿಂದೆ ಆ ಹೊಲದ ಯಾವ ಕಾಗದದಲ್ಲೂ ಅವನಿರಲಿಲ್ಲ, ಹೊಲದಲ್ಲಿ ಮಾತ್ರ ಇದ್ದ.

ಹಾಗಾಗಿ ನನ್ನ ಮಟ್ಟಿಗೆ ಫೆಲೋಶಿಪ್ ಸಾಲವೇ. ಮಂಜೂರು ಮಾಡಿದ ಕಚೇರಿಗೆ ನಾನು ಋಣಿಯಲ್ಲ, ಆ 12 ನಿವರ್ತನದಲ್ಲಿ ನೇಗಿಲು ಹಿಡಿದವರಿಗೆ ಋಣಿ. ಮೂರನೆಯ ಅಧ್ಯಾಯವನ್ನು ದಾನಿಗಳ ಪಟ್ಟಿಯಿಂದ ಆರಂಭಿಸಿದ್ದೆ. ಅದನ್ನು ಬದಿಗಿಟ್ಟು ಈಗ ಎಲ್ಲೆಗಳ ವಿವರ, ಗಾಣದ ಸುಂಕ, ಒಕ್ಕಲಿನ ತೆರಿಗೆ ಇರುವ ಸಾಲುಗಳನ್ನು ಮತ್ತೆ ಓದುತ್ತಿದ್ದೇನೆ.