ಸಾಕ್ಷಿಯಿಲ್ಲದ ಊರಿನಲ್ಲಿ

ಜರ್ಮನಿಯ ಮ್ಯೂನಿಕ್ ನಗರದಲ್ಲಿ ಉನ್ನತ ವ್ಯಾಸಂಗ ಮಾಡುತ್ತಿರುವ ನಮ್ಮ ತಮ್ಮನ ಮಗನು ಕಳೆದ ಮಾಘಮಾಸದ ಒಂದು ಭಾನುವಾರ ದೂರವಾಣಿಯಲ್ಲಿ ನಮ್ಮನ್ನು ಒಂದು ಪ್ರಶ್ನೆ ಕೇಳಿದನು: "ದೊಡ್ಡಪ್ಪ, ತಪ್ಪು ಮಾಡಿ ಯಾರ ಕೈಗೂ ಸಿಕ್ಕಿಬೀಳದಿದ್ದರೆ ಅದನ್ನು ಎಲ್ಲಿ ತೀರಿಸೋದು?" ಮೂವತ್ತೈದು ವರ್ಷ ರೈಲ್ವೆಯಲ್ಲಿ ಸೇವೆ ಸಲ್ಲಿಸಿದ ನಮಗೆ ಈ ಪ್ರಶ್ನೆ ಸುಲಭವಾಗಿ ತೋರಬೇಕಾಗಿತ್ತು; ತೋರಲಿಲ್ಲ. ಅವನ ಅನುಮತಿ ಪಡೆದೇ ಇದನ್ನು ಬರೆಯುತ್ತಿದ್ದೇವೆ.

ಮೊದಲು ಅವನ ದಿನಚರಿಯನ್ನು ಹೇಳಬೇಕು. ಡಿಸೆಂಬರಿನಲ್ಲಿ ಅಲ್ಲಿ ಸೂರ್ಯೋದಯವಾಗುವಾಗ ಬೆಳಿಗ್ಗೆ ಎಂಟು ಗಂಟೆ. ಸಂಜೆ ನಾಲ್ಕೂವರೆಯೊಳಗೆ ಅಸ್ತಮಾನ. ಮೂರು ದೇಶಗಳ ಮೂವರು ಹುಡುಗರಿಗೆ ಒಂದೇ ಅಡಿಗೆಮನೆ; ಅದನ್ನು ಶುಚಿಗೊಳಿಸುವ ಸರದಿಯ ಪಟ್ಟಿ ಫ್ರಿಜ್ಜಿನ ಬಾಗಿಲಿಗೆ ಅಂಟಿರುತ್ತದೆ. ಭಾನುವಾರ ಅಂಗಡಿಗಳು ಮುಚ್ಚಿರುವುದರಿಂದ ಶನಿವಾರವೇ ಅಕ್ಕಿ, ಬೇಳೆ, ಮೊಸರು ತಂದಿರಿಸಬೇಕು. ಮರೆತರೆ ಊರಿನಿಂದ ಒಯ್ದ ಅವಲಕ್ಕಿಯೇ ಗತಿ. ರಾತ್ರಿ ಹತ್ತರ ಮೇಲೆ ಸದ್ದು ಮಾಡುವಂತಿಲ್ಲವಾದ್ದರಿಂದ ಚಟ್ನಿಯನ್ನೂ ಹತ್ತರೊಳಗೇ ರುಬ್ಬಿಕೊಳ್ಳಬೇಕು. ಖಾಲಿ ಬಾಟಲಿಗಳನ್ನು ಅಂಗಡಿಯ ಯಂತ್ರಕ್ಕೆ ಹಾಕಿದರೆ ಒಂದಕ್ಕೆ 25 ಸೆಂಟ್‌ವರೆಗೆ ಮರಳಿ ಬರುತ್ತದೆ; ತಿಂಗಳ ಕೊನೆಗೆ ಅದೂ ಅವನ ಲೆಕ್ಕದಲ್ಲಿ ಸೇರುತ್ತದೆ. ವೀಸಾಕ್ಕಾಗಿ ವರ್ಷದ ಖರ್ಚನ್ನು ಮುಂಗಡವಾಗಿ ಖಾತೆಯೊಂದರಲ್ಲಿ ಕಟ್ಟಿಡಬೇಕು. 2024ರ ಸೆಪ್ಟೆಂಬರಿನಿಂದ ಈ ಮೊತ್ತ 11,904 ಯೂರೋ. ತೆಗೆಯಲು ಬರುವುದು ತಿಂಗಳಿಗೆ 992 ಮಾತ್ರ. ಆ ನಗರದಲ್ಲಿ ಕೋಣೆಯ ಬಾಡಿಗೆಯೇ ಅದರ ದೊಡ್ಡ ಪಾಲನ್ನು ನುಂಗಿಬಿಡುತ್ತದೆ.

ಇನ್ನು ರೈಲು. ಅಲ್ಲಿಯ ನೆಲದಡಿಯ ರೈಲು ನಿಲ್ದಾಣಗಳಲ್ಲಿ ನಮ್ಮ ಮೆಟ್ರೋಗಳಲ್ಲಿರುವಂತೆ ತಡೆಗೇಟುಗಳಿಲ್ಲ. ಯಾರು ಬೇಕಾದರೂ ಇಳಿದುಹೋಗಿ ಹತ್ತಬಹುದು. ಸಾದಾ ಉಡುಪಿನ ತಪಾಸಣೆಯವರು ಯಾವಾಗಲಾದರೊಮ್ಮೆ ಬರುತ್ತಾರೆ. ಸಿಕ್ಕಿಬಿದ್ದರೆ 60 ಯೂರೋ ದಂಡ. ನಮ್ಮ ಹುಡುಗ ಗಣಿತದಲ್ಲಿ ಜಾಣ. ಎರಡು ತಿಂಗಳಿಗೊಮ್ಮೆ ಸಿಕ್ಕಿಬಿದ್ದರೂ ಪಾಸಿಗಿಂತ ದಂಡವೇ ಅಗ್ಗವೆಂದು ಲೆಕ್ಕ ಹಾಕಿ ಪಾಸನ್ನು ನಿಲ್ಲಿಸಿದನು. ಜನವರಿಯ ಒಂದು ಸಂಜೆ ತಪಾಸಣೆಯವನು ಅವನ ಡಬ್ಬಿಯನ್ನೇ ಹತ್ತಿದನು. ಪಕ್ಕದಲ್ಲಿದ್ದ ವೃದ್ಧೆಯೊಬ್ಬರು ಕೈಗವಸು ಕಳಚಿ ಚೀಲವನ್ನೆಲ್ಲ ಹುಡುಕುತ್ತ ತಡಮಾಡಿದರು. ಅಷ್ಟರಲ್ಲಿ ನಿಲ್ದಾಣ ಬಂತು, ಇವನು ಇಳಿದುಬಿಟ್ಟನು. ಹಿಂತಿರುಗಿ ನೋಡಿದರೆ ಆಕೆ ಟಿಕೆಟ್ಟನ್ನು ಕೈಯಲ್ಲಿ ಹಿಡಿದು, ತಡವಾದುದಕ್ಕೆ ಕ್ಷಮೆ ಕೇಳುತ್ತಿದ್ದರಂತೆ.

"ಹೇಗೂ ಓಡುವ ರೈಲು, ಖಾಲಿ ಆಸನ, ಯಾರಿಗೇನು ನಷ್ಟ?" ಎಂಬ ವಾದವನ್ನು ಸೇವಾವಧಿಯಲ್ಲಿ ನಾವು ಎಷ್ಟು ಬಾರಿ ಕೇಳಿದ್ದೇವೆಯೋ ಲೆಕ್ಕವಿಲ್ಲ. ಅದನ್ನು ಖಂಡಿಸುವುದು ಕಷ್ಟವಲ್ಲ. ಆದರೆ ಇಲ್ಲಿ ನಮ್ಮನ್ನು ಕಾಡಿದ್ದು ಬೇರೊಂದು ಸಂಗತಿ. ಈ ಹುಡುಗನ ಮಾತನ್ನು ವೀಸಾ ಕಚೇರಿ ನಂಬಲಿಲ್ಲ, ಹಣ ಕಟ್ಟಿಸಿಕೊಂಡಿತು. ಮನೆಯೊಡೆಯ ನಂಬಲಿಲ್ಲ, ಮುಂಗಡ ಕೇಳಿದನು. ಇಡೀ ನಗರದಲ್ಲಿ ಪರದೇಶಿಯನ್ನು ಪುರಾವೆ ಕೇಳದೆ ನಂಬಿದ ಸ್ಥಳಗಳು ಕೆಲವೇ: ಗೇಟಿಲ್ಲದ ಆ ನಿಲ್ದಾಣ, ನಾಣ್ಯ ಹಾಕದೆಯೂ ಮುಚ್ಚಳ ತೆಗೆಯಬಹುದಾದ, ಬೀದಿಬದಿಯ ಪತ್ರಿಕೆಯ ಪೆಟ್ಟಿಗೆ, ಊರ ಹೊರಗೆ ಹೂವನ್ನು ತಾವೇ ಕೊಯ್ದುಕೊಂಡು ಹಣವನ್ನು ಡಬ್ಬಿಗೆ ಹಾಕಿ ಹೋಗುವ ಹೊಲಗಳು. ಅಪನಂಬಿಕೆ ತೋರಿದವರಿಗೆಲ್ಲ ಕಾಸು ಬಿಡದೆ ತೆತ್ತವನು ನಂಬಿದ ಸ್ಥಳದಲ್ಲಿಯೇ ವಂಚಿಸಿದನಲ್ಲ! ಅವನಿಗೆ ಇದನ್ನು ಹೇಳಿದಾಗ ಬಹಳ ಹೊತ್ತು ಮಾತನಾಡಲಿಲ್ಲ.

ನಮ್ಮ ಸಿದ್ಧಾಂತದಲ್ಲಿ 'ಸಾಕ್ಷಿ' ಎಂಬುದು ಹೊರಗೆ ನಿಂತು ನೋಡುವ ವ್ಯಕ್ತಿಯಲ್ಲ, ಜೀವನ ಸ್ವರೂಪೇಂದ್ರಿಯ. ಕಣ್ಣಿಗೆ ಹಗ್ಗವು ಹಾವಾಗಿ ಕಂಡೀತು; ತನಗೆ ದುಃಖವಾಗಿದೆ ಎಂಬಲ್ಲಿ ಯಾರಿಗೂ ಭ್ರಮೆಯಿಲ್ಲ. ತಪ್ಪಿಸಿಕೊಂಡ ಸಂಜೆ ತನಗೆ ಸಂತೋಷವಾಗಲಿಲ್ಲವೆಂದು ಅವನು ಹೇಳಿದ ಮಾತನ್ನು ಆದ್ದರಿಂದಲೇ ನಾವು ಪೂರ್ಣವಾಗಿ ನಂಬುತ್ತೇವೆ. ಆದರೆ ಮನಸ್ಸು ನೊಂದ ಮಾತ್ರಕ್ಕೆ ಋಣ ತೀರಿತೇ?

ಇಲ್ಲಿ ನಮ್ಮದೇ ಒಂದು ವಿಷಯ ಹೇಳದಿದ್ದರೆ ಈ ಲೇಖನ ಅಪ್ರಾಮಾಣಿಕವಾದೀತು. 1978ರಲ್ಲಿ ಮುಂಬಯಿಯಲ್ಲಿ ಓದುತ್ತಿದ್ದಾಗ ತಂದೆಯವರ ಮನಿಆರ್ಡರ್ ತಡವಾಗಿ, ಅವಧಿ ಮುಗಿದ ಸೀಸನ್ ಪಾಸಿನಲ್ಲಿ ಹನ್ನೊಂದು ದಿನ ಲೋಕಲ್ ರೈಲಿನಲ್ಲಿ ಓಡಾಡಿದೆವು. 1982ರಲ್ಲಿ ಕೆಲಸಕ್ಕೆ ಸೇರಿ ಮೊದಲ ಸಂಬಳ ಬಂದಾಗ ದಾದರಿನಲ್ಲಿ ಇಪ್ಪತ್ತೆರಡು ಟಿಕೆಟ್ಟು ಕೇಳಿದೆವು. "ಉಳಿದವರೆಲ್ಲಿ?" ಎಂದನು ಕಿಟಕಿಯೊಳಗಿನವನು. ಹೊರಗೆ ಬಂದು ಹರಿದು ಹಾಕಿದೆವು. ಹಣ ತೀರಿತು. ಆದರೆ ತಂದೆಯವರಿಗೆ ಈ ವಿಷಯ ಹೇಳಲಿಲ್ಲ. ಹೇಳಿದರೆ ತಮ್ಮ ಹಣ ತಡವಾದುದಕ್ಕೆ ನೊಂದುಕೊಂಡಾರೆಂದು ನೆಪ. 1991ರಲ್ಲಿ ಅವರು ಹರಿಪಾದ ಸೇರಿದರು. ಮುಂದೆ ಎಷ್ಟೋ ಮಂದಿ ವಿದ್ಯಾರ್ಥಿಗಳ ದಂಡದ ಕಾಗದಕ್ಕೆ ಸಹಿ ಹಾಕಿದ್ದೇವೆ.

ಹುಡುಗನಿಗೆ ಎರಡು ಮಾತು ಹೇಳಿದೆವು: ಓಡಾಡಿದಷ್ಟು ಬಾಬ್ತು ಟಿಕೆಟ್ಟು ಕೊಂಡು ಮುದ್ರೆಯೊತ್ತಿಸು, ಪ್ರಯಾಣ ಮಾಡಬೇಡ, ಮತ್ತು ಅಪ್ಪನಿಗೆ ಹೇಳು. ಮೊದಲನೆಯದಕ್ಕೆ ತಕ್ಷಣ ಒಪ್ಪಿದನು. ಅಲ್ಲಿ ಮಡಿಸಿ ಮುದ್ರೆಯೊತ್ತುವ ಹತ್ತು ಪಟ್ಟಿಗಳ ಟಿಕೆಟ್ಟು ಸಿಗುತ್ತದೆ; ಈಗ ತಿಂಗಳಿಗೊಂದಿಷ್ಟು ತೀರಿಸುತ್ತಿದ್ದಾನೆ. ಎರಡನೆಯದಕ್ಕೆ ಮೂರು ವಾರ ಹಿಡಿಯಿತು.

ಅವನು ಹೇಳಿದ ಮರುದಿನ ಬೆಳಿಗ್ಗೆ ನಮ್ಮ ತಮ್ಮನು ದೂರವಾಣಿ ಮಾಡಿದನು. ಟಿಕೆಟ್ಟಿನ ಮಾತನ್ನೇ ಎತ್ತಲಿಲ್ಲ. "ಹುಡುಗನಿಗೆ ದುಡ್ಡು ಸಾಲ್ತಾ ಇಲ್ಲ ಅಂತ ನನಗೆ ಯಾಕೆ ಹೇಳಲಿಲ್ಲ, ಅಣ್ಣಾ?" ಎಂದನು.